ನಿಮ್ಮಪ್ಪನಿಗೆ ಕೇಳಬೇಕಾದ ಪ್ರಶ್ನೆ

ಗುನ್ಮಾ, ಜಪಾನ್
ಜನವರಿ 18

ಪ್ರೀತಿಯ ಗೆಳೆಯಾ,

ಸಂಕ್ರಾಂತಿ ದಿನ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಎಳ್ಳು ಬೀರೋಕೆ ಬಂದ ಮಕ್ಕಳ ಗಲಾಟೆಯ ನಡುವೆ ನೀನು ನಿಮ್ಮಪ್ಪನಿಗೆ "ನಾನು ಯಾರು ಹೇಳಪ್ಪಾ? ಇವಳು ಯಾರು? ಇವತ್ತು ಯಾವ ಹಬ್ಬ?" ಅಂತ ಒಂದರ ಮೇಲೊಂದು ಕೇಳ್ತಿದ್ದೆ. ಅವರು ಸುಮ್ಮನಿದ್ದರು. ಆಮೇಲೆ "ಊಟ ಆಯ್ತಾ ಎಲ್ಲಾರ್ದೂ?" ಅಂತ ಮಾತು ತಿರುಗಿಸಿದರು. ಕೊನೆಯಲ್ಲಿ ದನಿ ಸಣ್ಣಗೆ ಮಾಡಿಕೊಂಡು ನೀನು ಕೇಳಿದ್ದು ನನಗೆ ರಾತ್ರಿಯೆಲ್ಲ ಕಾಡಿತು: "ನೀನು ದಿನಾ ವಯಸ್ಸಾದವರ ಜೊತೇಲೇ ಇರ್ತೀಯಲ್ಲ, ಮರೆವಿಗೆ ಅಲ್ಲಿ ಏನ್ ಮಾಡ್ತಾರೆ?"

ಔಷಧಿಯ ವಿಷಯ ಡಾಕ್ಟರು ಹೇಳಬೇಕು. ನನಗೆ ಗೊತ್ತಿರುವುದು ಮಧ್ಯಾಹ್ನ ಎರಡು ಗಂಟೆಯ ಕೆಲಸ. ಅದನ್ನೇ ಬರೆಯುತ್ತೇನೆ. ಇಲ್ಲಿನ ಹಿರಿಯರ ಹೆಸರು ಹೊರಗೆ ಹೇಳುವಂತಿಲ್ಲ, ಹಾಗಾಗಿ ಯಾರ ಹೆಸರೂ ಬರುವುದಿಲ್ಲ.

ನಾನಿರುವ ಗುನ್ಮಾ ಪ್ರಾಂತ್ಯ ಟೋಕಿಯೊದಿಂದ ವಾಯವ್ಯಕ್ಕಿದೆ. ಜಪಾನಿನ 47 ಪ್ರಾಂತ್ಯಗಳಲ್ಲಿ ಕಡಲಿಲ್ಲದವು ಎಂಟೇ, ಅದರಲ್ಲಿ ಇದೂ ಒಂದು. ಈ ತಿಂಗಳಲ್ಲಿ ಅಕಾಗಿ ಬೆಟ್ಟದ ಕಡೆಯಿಂದ ಒಣಗಾಳಿ ಬೀಸುತ್ತದೆ, ಸೈಕಲ್ ತುಳಿಯೋಕಾಗದಷ್ಟು. ನಾನು ಕೆಲಸ ಮಾಡುವ ಜಾಗಕ್ಕೆ 'ಡೇ ಸರ್ವಿಸ್' ಅನ್ನುತ್ತಾರೆ. ಬೆಳಿಗ್ಗೆ ವ್ಯಾನಿನಲ್ಲಿ ಹಿರಿಯರನ್ನು ಅವರವರ ಮನೆಯಿಂದ ಕರೆದುಕೊಂಡು ಬರುತ್ತೇವೆ, ಸಂಜೆ ಬಿಟ್ಟು ಬರುತ್ತೇವೆ. 2000ದ ಏಪ್ರಿಲ್‌ನಲ್ಲಿ ಇಲ್ಲಿ ಆರೈಕೆ ವಿಮೆ ಜಾರಿಗೆ ಬಂತು. 40 ತುಂಬಿದ ಪ್ರತಿಯೊಬ್ಬರೂ ಅದಕ್ಕೆ ಕಂತು ಕಟ್ಟುತ್ತಾರೆ, ಮುಂದೆ ಇಂಥ ಕಡೆ ಬರಬೇಕಾದಾಗ ಹೆಚ್ಚಿನವರು ಖರ್ಚಿನ ಹತ್ತರಲ್ಲೊಂದು ಪಾಲು ಕೊಟ್ಟರೆ ಸಾಕು. ನಿಮ್ಮಪ್ಪನಿಗೂ ಇಂಥದ್ದೊಂದು ನಮ್ಮೂರ ಹತ್ತಿರ ಇದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬಂದ ತಕ್ಷಣ ಜ್ವರ, ಬಿ.ಪಿ. ನೋಡುವುದು, ಚಹಾ, ಸ್ನಾನ. ಊಟಕ್ಕೆ ಮುಂಚೆ ಬಾಯಿಗೆ ವ್ಯಾಯಾಮ: ಎಲ್ಲರೂ ಸೇರಿ ಗಟ್ಟಿಯಾಗಿ "ಪ, ತ, ಕ, ರ" ಅನ್ನುತ್ತಾರೆ. 'ಪ'ಕ್ಕೆ ತುಟಿ, 'ತ'ಕ್ಕೆ ನಾಲಿಗೆಯ ತುದಿ, 'ಕ'ಕ್ಕೆ ಗಂಟಲು, 'ರ'ಕ್ಕೆ ನಾಲಿಗೆ ಮಡಚುವುದು. ಅನ್ನ ಗಂಟಲಿಗೆ ಸಿಕ್ಕಿಕೊಳ್ಳದಿರಲಿ ಅಂತ. ಮೊದಲ ದಿನ ಅದನ್ನು ಕೇಳಿ ನನಗೆ ನಮ್ಮ ಒಂದನೇ ಕ್ಲಾಸಿನ ಮೇಷ್ಟರು ಕಣ್ಮುಂದೆ ಬಂದರು. ಊಟ ಆದ ಮೇಲೆ ಒಂದು ಜೊಂಪು. ಎರಡು ಗಂಟೆಗೆ 'ರೆಕು', ಅಂದರೆ ಮನರಂಜನೆ. ಮೂರಕ್ಕೆ ತಿಂಡಿ. ಆ ಒಂದು ಗಂಟೆಯನ್ನು ಸರದಿಯಂತೆ ಒಬ್ಬೊಬ್ಬ ಸಿಬ್ಬಂದಿ ನಡೆಸಬೇಕು. ಹಾಡು, ಬಲೂನು, ಕಾಗದ ಮಡಚುವುದು ಎಲ್ಲ ಇವೆ. ಎಲ್ಲಕ್ಕಿಂತ ಹೆಚ್ಚು ನಡೆಯುವುದು 'ಗೊತೋಚಿ ಕ್ವಿಜು'. ಗೊತೋಚಿ ಅಂದರೆ ಆಯಾ ಊರಿನ, ಆಯಾ ಸೀಮೆಯ ಅಂತ ಅರ್ಥ. ಯಾವ ಪ್ರಾಂತ್ಯದ ಸೇಬು ಹೆಸರುವಾಸಿ, ಡಿಸೆಂಬರ್ 31ರ ರಾತ್ರಿ ಭೂತದ ಮುಖವಾಡ ಹಾಕಿಕೊಂಡು ಮನೆಮನೆಗೆ ನುಗ್ಗಿ "ಅಳೋ ಮಕ್ಕಳು ಇದ್ದಾರಾ?" ಅಂತ ಗದರಿಸುವ ಪದ್ಧತಿ ಎಲ್ಲಿಯದು, ಇಂಥವು. ಮೊದಲನೆಯದಕ್ಕೆ ಅಓಮೊರಿ, ಎರಡನೆಯದಕ್ಕೆ ಅಕಿತಾದ ಓಗಾ. ನಾನಂತೂ ಇವನ್ನೆಲ್ಲ ಕೇಳುವಾಗಲೇ ಕಲಿತದ್ದು.

ನನ್ನ ಮೊದಲ ಸರದಿಯ ದಿನ ನಡೆದದ್ದನ್ನು ನಿನಗೆ ಹೇಳಲೇಬೇಕು. ಕೈಯಲ್ಲಿ ಅಚ್ಚಾದ ಪ್ರಶ್ನೆಗಳ ಹಾಳೆ, ಹಿಂಬದಿಯಲ್ಲಿ ಉತ್ತರ. ಜಪಾನಿ ಭಾಷೆ ಆಗಿನ್ನೂ ತೊದಲು. ಬೋರ್ಡಿನ ಮೇಲೆ ಬರೆದು ಕೇಳಿದೆ: "ಜಪಾನಿನ ಅತಿ ಉದ್ದದ ನದಿ ಯಾವುದು?" ಕಿಟಕಿಯ ಪಕ್ಕ ಕೂರುವ ಒಬ್ಬ ತಾತ, ಯಾವತ್ತೂ ಮಾತಾಡದವರು, ತಲೆ ಎತ್ತಿ "ಚಿಕುಮಾ" ಅಂದರು. ಹಾಳೆ ತಿರುಗಿಸಿ ನೋಡಿದೆ. ಶಿನಾನೊ ಅಂತಿತ್ತು. "ಚಿಗಾಯಿಮಾಸ್", ತಪ್ಪು, ಅಂದೆ. ಬೇರೆ ಯಾರೋ ಶಿನಾನೊ ಅಂದರು, ಚಪ್ಪಾಳೆ ಬಿತ್ತು. ತಾತ ತೊಡೆಯ ಮೇಲಿದ್ದ ಟವಲನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದರು. ಆಮೇಲೆ ಮೂರು ವಾರ ಎರಡು ಗಂಟೆಯಾದರೆ ಸಾಕು, ಕಣ್ಣು ಮುಚ್ಚಿ ಕೂರುತ್ತಿದ್ದರು.

ಒಂದು ಸಂಜೆ ವ್ಯಾನಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು: ಆ ತಾತ ಪಕ್ಕದ ನಾಗಾನೊ ಪ್ರಾಂತ್ಯದವರು, ಚಿಕುಮಾ ದಂಡೆಯವರು, ಅದೂ ಶಿನಾನೊ ಎರಡೂ ಒಂದೇ ನದಿ. ನಾಗಾನೊದಲ್ಲಿ ಹರಿಯುವವರೆಗೆ ಚಿಕುಮಾ, ನಿಯಿಗಾತಾ ಪ್ರಾಂತ್ಯದ ಗಡಿ ದಾಟಿದ ಮೇಲೆ ಶಿನಾನೊ. ಒಟ್ಟು 367 ಕಿಲೋಮೀಟರಿನಲ್ಲಿ 214 ಚಿಕುಮಾ ಎಂಬ ಹೆಸರಿನಲ್ಲೇ ಹರಿಯುತ್ತದೆ, ಉಳಿದ 153 ಶಿನಾನೊ. ಅಂದರೆ ಹೆಚ್ಚಿನ ಪಾಲು ಅವರ ಹೆಸರಿನದೇ. ತನ್ನೂರ ಹೊಳೆಯ ಹೆಸರು ಹೇಳಿದ ಮನುಷ್ಯನಿಗೆ, ಆ ಹೊಳೆಯನ್ನು ಕಣ್ಣಿಂದಲೂ ನೋಡದ ನಾನು, ಹಾಳೆ ನೋಡಿಕೊಂಡು ತಪ್ಪು ಅಂದಿದ್ದೆ. ಅವತ್ತು ರೂಮಿಗೆ ಬಂದು ಅತ್ತೆ ಕಣೋ.

ಮಾರನೆಯ ವಾರ ದೊಡ್ಡ ನಕ್ಷೆ ತಂದು ಅವರ ಮುಂದೆ ಮೇಜಿನ ಮೇಲೆ ಹರಡಿದೆ. ಕ್ಷಮೆ ಕೇಳಿದೆ. "ನಿಮ್ಮ ಹೊಳೆ ಎಲ್ಲಿ ಹುಟ್ಟುತ್ತೆ, ನನಗೆ ತೋರಿಸಿ" ಅಂದೆ. ಬಹಳ ಹೊತ್ತು ನಕ್ಷೆಯನ್ನೇ ನೋಡಿದರು. ನಡುಗುವ ಬೆರಳನ್ನು ಕೊಬುಶಿ ಬೆಟ್ಟದ ಮೇಲಿಟ್ಟು, ಅಲ್ಲಿಂದ ಉತ್ತರಕ್ಕೆ ನಿಧಾನವಾಗಿ ಎಳೆದುಕೊಂಡು ಹೋದರು. ಉಎದಾ ಪಟ್ಟಣದ ಹತ್ತಿರ ಬೆರಳು ನಿಂತಿತು. ಅಲ್ಲಿ ಬೇಸಿಗೆಯ ಮೊದಲಿಗೆ ಹೊಳೆಯ ತಳದಲ್ಲಿ ಸ್ವಚ್ಛ ಜಲ್ಲಿಯ ಹಾಸು ಮಾಡುತ್ತಾರಂತೆ. ಉಗುಯಿ ಅನ್ನುವ ಮೀನು ಮೊಟ್ಟೆಯಿಡಲು ಆ ಹಾಸಿಗೆ ಬರುತ್ತದೆ, ಬಲೆ ಬೀಸುತ್ತಾರೆ. ಆ ಹಾಸಿಗೆ 'ತ್ಸುಕೆಬಾ' ಅಂತ ಹೆಸರು. ಎರಡೂ ಕೈಯಿಂದ ಜಲ್ಲಿ ಸರಿಸುವುದನ್ನು ಮೇಜಿನ ಮೇಲೆ ಮಾಡಿ ತೋರಿಸಿದರು. ಕೈ ನಡುಗಲಿಲ್ಲ. ನಾನು ನೋಡಿದೆ, ಜಲ್ಲಿ ಸರಿಸುವಷ್ಟು ಹೊತ್ತೂ ಕೈ ನಡುಗಲಿಲ್ಲ.

ಅವತ್ತಿನಿಂದ ಉತ್ತರದ ಹಾಳೆಯನ್ನು ಕೈಯಲ್ಲಿ ಹಿಡಿಯುವುದನ್ನೇ ಬಿಟ್ಟೆ.

ಗುನ್ಮಾದವರ ಹತ್ತಿರ 'ಜೋಮೊ ಕರುತಾ' ಅಂತ ಒಂದು ಕಾರ್ಡಿನ ಆಟ ಇದೆ. ಯುದ್ಧ ಮುಗಿದು ಎಲ್ಲ ಹಾಳಾಗಿದ್ದ ಹೊತ್ತಿನಲ್ಲಿ, 1947ರಲ್ಲಿ, ಮಕ್ಕಳ ಕೈಗೆ ತಮ್ಮ ನಾಡಿನ ಹೆಮ್ಮೆ ಕೊಡಬೇಕು ಅಂತ ಮಾಡಿದ್ದು. 44 ಜೋಡಿ ಕಾರ್ಡು. ಒಂದೊಂದು ಅಕ್ಷರಕ್ಕೆ ಒಂದೊಂದು ಸಾಲು: ಇಕಾಹೊದ ಬಿಸಿನೀರ ಬುಗ್ಗೆ, ಕಿರ್ಯೂದ ನೇಯ್ಗೆ, ಶಿಮೊನಿತಾದ ಈರುಳ್ಳಿ, ತೊಮಿಯೊಕಾದ ರೇಷ್ಮೆ ಗಿರಣಿ. ಒಬ್ಬರು ಸಾಲು ಓದುತ್ತಾರೆ, ಉಳಿದವರು ಅದಕ್ಕೆ ಹೊಂದುವ ಚಿತ್ರದ ಕಾರ್ಡನ್ನು ಮೊದಲು ಬಡಿದು ಎತ್ತಿಕೊಳ್ಳಬೇಕು. ಇಬ್ಬರಿಗೂ 22-22 ಬಂದರೆ? 'ತ್ಸು' ಅಕ್ಷರದ ಕಾರ್ಡು ಯಾರ ಹತ್ತಿರ ಇದೆಯೋ ಅವರು ಗೆದ್ದಂತೆ. ಅದರಲ್ಲಿರುವುದು "ಹಾರುವ ಕೊಕ್ಕರೆಯಂಥ ಗುನ್ಮಾ" ಅನ್ನುವ ಸಾಲು. ನಕ್ಷೆಯಲ್ಲಿ ಈ ಪ್ರಾಂತ್ಯ ರೆಕ್ಕೆ ಬಿಚ್ಚಿದ ಕೊಕ್ಕರೆಯ ಹಾಗೇ ಕಾಣುತ್ತದೆ. ಇಲ್ಲಿ ಬೆಳೆದವರಿಗೆ ಈ ಸಾಲುಗಳು ನಮಗೆ ಮಗ್ಗಿ ಇದ್ದ ಹಾಗೆ. ಬೆಳಿಗ್ಗೆ ಏನು ತಿಂದೆ ಅನ್ನುವುದು ಮರೆತವರು, ಸಾಲಿನ ಮೊದಲ ಎರಡು ಅಕ್ಷರ ಕೇಳಿದರೆ ಪೂರ್ತಿ ಹೇಳಿಬಿಡುತ್ತಾರೆ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿರುವ ಅಜ್ಜಿಯೊಬ್ಬರಿದ್ದಾರೆ. ಮೇಜಿನ ಮೇಲೆ ಕಾರ್ಡು ಹರಡಿದರೆ ಅವರ ಎಡಗೈ ನನ್ನ ಓದಿಗಿಂತ ಮುಂದೆ ಓಡುತ್ತದೆ.

ಈ ಕರುತಾದಲ್ಲೇ ನನಗೆ ತುಂಬ ಇಷ್ಟವಾದ ಪ್ರಶ್ನೆ ಸಿಕ್ಕಿತು. 'ಚಿ' ಅಕ್ಷರದ ಕಾರ್ಡಿನಲ್ಲಿ "ಒಟ್ಟಾಗಿ ದುಡಿಯುವ" ಇಷ್ಟು ಲಕ್ಷ ಜನ ಅಂತ ಗುನ್ಮಾದ ಜನಸಂಖ್ಯೆ ಬರುತ್ತದೆ. "ಎಷ್ಟು ಲಕ್ಷ?" ಅಂತ ಕೇಳಿದೆ. ಎಂಬತ್ತೆಂಟರ ಅಜ್ಜಿ "16 ಲಕ್ಷ" ಅಂದರು. ಚಹಾ ತರುತ್ತಿದ್ದ ಐವತ್ತು ದಾಟಿದ ಸಹೋದ್ಯೋಗಿ ನಿಂತುಬಿಟ್ಟರು: "ಅಲ್ಲ ಅಲ್ಲ, 18." ಮೊನ್ನೆ ಕೆಲಸಕ್ಕೆ ಸೇರಿದ ಇಪ್ಪತ್ತೆರಡರ ಹುಡುಗಿ "20 ಅಲ್ವಾ?" ಅಂದಳು. ಮೂವರೂ ಸರಿ! ಜನ ಹೆಚ್ಚಾದ ಹಾಗೆ ಆ ಒಂದು ಕಾರ್ಡನ್ನು ಮಾತ್ರ ತಿದ್ದಿ ತಿದ್ದಿ ಅಚ್ಚು ಹಾಕಿದ್ದಾರೆ. ಮೊದಲು 16 ಲಕ್ಷ ಇದ್ದದ್ದು 1993ರಲ್ಲಿ 20 ಆಯಿತು. ಈಗ ನಿಜವಾದ ಜನಸಂಖ್ಯೆ ಮತ್ತೆ ಇಳಿದು 20 ಲಕ್ಷಕ್ಕಿಂತ ಕೆಳಗೆ ಬಂದಿದೆ, ಕಾರ್ಡು ಹಾಗೇ ಇದೆ. ಆ ಅಜ್ಜಿ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಮೊದಲ ಕಾರ್ಡುಗಳು ಕೈಗೆ ಬಂದದ್ದು. ಇದನ್ನು ಕೇಳಿ ಆ ಇಪ್ಪತ್ತೆರಡರ ಹುಡುಗಿ ಅಜ್ಜಿಯ ಕೈ ಹಿಡಿದುಕೊಂಡು, "ಅಜ್ಜಿ, ನೀವು ಎಲ್ಲಿ ಕೂತು ಆಡ್ತಿದ್ರಿ?" ಅಂತ ಕೇಳಿದಳು. ಮೂರು ಗಂಟೆಯ ತಿಂಡಿ ಅವತ್ತು ಮೂರೂವರೆಗೆ ಆಯಿತು.

ಆದರೆ ಎಲ್ಲರೂ ಗುನ್ಮಾದಲ್ಲಿ ಹುಟ್ಟಿದವರಲ್ಲ. ಮದುವೆಯಾಗಿ ಬಂದವರು, ಕೆಲಸಕ್ಕೆ ಬಂದವರು ಇದ್ದಾರೆ. ಕರುತಾ ಶುರುವಾದರೆ ಅವರು ಹೊರಗಿನವರಾಗಿಬಿಡುತ್ತಾರೆ. ಇದು ನನಗೆ ಬೇಗ ಕಂಡಿತು, ಯಾಕೆಂದರೆ ನಾನೂ ಹೊರಗಿನವನೇ. ಒಬ್ಬ ಅಜ್ಜಿ ಚಪ್ಪಾಳೆ ಮಾತ್ರ ತಟ್ಟುತ್ತಿದ್ದರು. ಹೊಸ ವರ್ಷದ ವಾರ ನಾನು ಕೇಳಿದೆ: "ಬಿಳಿ ಮಿಸೊ ಸಾರಿನಲ್ಲಿ, ಒಳಗೆ ಸಿಹಿ ಹೂರಣ ಇಟ್ಟ ಮೋಚಿ ಹಾಕಿ ಹಬ್ಬದ ಜೋನಿ ಮಾಡುವುದು ಯಾವ ಪ್ರಾಂತ್ಯದಲ್ಲಿ?" ಮೋಚಿ ಅಂದರೆ ಅಂಟು ಅಕ್ಕಿಯನ್ನು ಕುಟ್ಟಿ ಮಾಡಿದ ಉಂಡೆ, ಜೋನಿ ಅಂದರೆ ಅದನ್ನು ಹಾಕಿದ ಹೊಸ ವರ್ಷದ ಸಾರು. ನಾನು ಆಯ್ಕೆಗಳನ್ನು ಓದುವ ಮೊದಲೇ ಆ ಅಜ್ಜಿ ಕೈ ಎತ್ತಿ "ಕಗಾವಾ! ನಮ್ಮನೇಲಿ!" ಅಂದರು. ಜಪಾನಿನ ಅತಿ ಚಿಕ್ಕ ಪ್ರಾಂತ್ಯ ಅದು, ಶಿಕೊಕು ದ್ವೀಪದಲ್ಲಿದೆ. ಪೂರ್ವದ ಕಡೆ ಮೋಚಿ ಚೌಕ, ಸುಟ್ಟು ಹಾಕುತ್ತಾರೆ. ಪಶ್ಚಿಮದ ಕಡೆ ದುಂಡಗೆ, ಬೇಯಿಸಿ ಹಾಕುವುದೇ ಹೆಚ್ಚು. ಈ ಅಜ್ಜಿ ಇಪ್ಪತ್ಮೂರಕ್ಕೆ ಮದುವೆಯಾಗಿ ಬಂದು, ಅರವತ್ತು ವರ್ಷ ಅತ್ತೆಮನೆಯ ಚೌಕದ ಮೋಚಿಯನ್ನೇ ಸೋಯಾ ಸಾರಿನಲ್ಲಿ ಮಾಡಿದ್ದಾರೆ. "ಒಂದು ಸಲ ನಮ್ಮೂರ ಥರ ಮಾಡಿದ್ದೆ. ಅತ್ತೆ ಬಟ್ಟಲು ಮುಟ್ಟಲಿಲ್ಲ" ಅಂದರು. ಅರವತ್ತು ವರ್ಷದ ಹಿಂದಿನದನ್ನು ನಿನ್ನೆ ಆದ ಹಾಗೆ ಹೇಳಿದರು. ಪಕ್ಕದಲ್ಲಿದ್ದ ಗುನ್ಮಾದ ಅಜ್ಜಿ ಅವರ ಬೆನ್ನು ಸವರಿದರು.

ಈಗ ನಾನು ಪ್ರತಿ ಸಲವೂ ಕೂತಿರುವ ಒಬ್ಬೊಬ್ಬರ ಹುಟ್ಟೂರಿನಿಂದ ಒಂದಾದರೂ ಪ್ರಶ್ನೆ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಹುಟ್ಟೂರು ಅಂದರೆ ಹಳೆಯ ಹೆಸರಿನ ಊರು. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಸರ್ಕಾರ ಊರು ಊರು ಸೇರಿಸಿ ದೊಡ್ಡದು ಮಾಡಿತು, ಗುನ್ಮಾದಲ್ಲಿ 70 ಇದ್ದ ನಗರ, ಪಟ್ಟಣ, ಹಳ್ಳಿ ಆಡಳಿತಗಳು 35ಕ್ಕೆ ಇಳಿದವು. ಕಾಗದದಲ್ಲಿ ಇಲ್ಲದ ಹಳ್ಳಿಯ ಹೆಸರು ಇವರ ಬಾಯಲ್ಲಿ ಇದೆ. ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರೆ ಮುಖ ನೋಡಬೇಕು ನೀನು.

ಎಲ್ಲ ಪ್ರಶ್ನೆಯೂ ಒಳ್ಳೆಯದನ್ನೇ ತೆರೆಯುತ್ತದೆ ಅಂತ ತಿಳಿಯಬೇಡ. ಕರುತಾದಲ್ಲಿ ಗುನ್ಮಾದ ರಾಜಧಾನಿ ಮಾಯೆಬಾಶಿಯನ್ನು ರೇಷ್ಮೆ ನೂಲಿನ ಪೇಟೆ ಅಂತ ಹೊಗಳಿದೆ. "ಮಾಯೆಬಾಶಿ ಅಂದರೆ ಏನು ನೆನಪಾಗುತ್ತೆ?" ಅಂತ ನಾನು ಆಗಸ್ಟಿನಲ್ಲಿ ಕೇಳಿದೆ. "ಉರಿ" ಅಂದರು ಒಬ್ಬರು. 1945ರ ಆಗಸ್ಟ್ 5ರ ರಾತ್ರಿ ಆ ಊರಿನ ಮೇಲೆ ಬಾಂಬಿನ ಮಳೆ ಸುರಿದಿತ್ತು, ಯುದ್ಧ ಮುಗಿಯಲು ಹತ್ತೇ ದಿನ ಇದ್ದಾಗ. ನಾನು ಬೋರ್ಡಿನ ಪೆನ್ನು ಕೆಳಗಿಟ್ಟು ಅವರ ಪಕ್ಕ ಕೂತೆ. ಯಾರೂ ಮುಂದಿನ ಪ್ರಶ್ನೆ ಕೇಳು ಅನ್ನಲಿಲ್ಲ. ಅದೂ ಅವರ ಉತ್ತರವೇ ತಾನೇ.

ಈಗ ನಿಮ್ಮಪ್ಪನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಆ ಎಂಬತ್ತೆಂಟರ ಅಜ್ಜಿಯ ಬಗ್ಗೆ ಇನ್ನೊಂದಿಷ್ಟು ಹೇಳಬೇಕು.

ಒಂದು ದಿನ ಬೋರ್ಡಿನ ಮೇಲೆ ಕವಲೊಡೆದ ಪುಟ್ಟ ಗಿಡದಂಥ ಗುರುತು ಬರೆದೆ. ಹಳೆಯ ಸರ್ಕಾರಿ ನಕ್ಷೆಗಳಲ್ಲಿ ಇದ್ದದ್ದು, 2013ರಲ್ಲಿ ಬಿಟ್ಟುಬಿಟ್ಟರು. ಚಿಕ್ಕ ವಯಸ್ಸಿನ ಸಿಬ್ಬಂದಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು "ಕುವಾಬತಾಕೆ" ಅಂದರು. ಹಿಪ್ಪುನೇರಳೆ ತೋಟ! ಅಷ್ಟು ಕಡಿಮೆಯಾಗಿದೆ ಇಲ್ಲಿ ಆ ತೋಟ, ನಕ್ಷೆಯಲ್ಲಿ ಅದಕ್ಕೆ ಗುರುತೇ ಬೇಡವಾಯಿತು. ಈಗಲೂ ಜಪಾನಿನಲ್ಲಿ ಅತಿ ಹೆಚ್ಚು ರೇಷ್ಮೆಗೂಡು ಬೆಳೆಯುವುದು ಗುನ್ಮಾನೇ, ಆದರೆ ಹುಳು ಸಾಕುವ ಮನೆಗಳು ತೀರಾ ಕಡಿಮೆ. 1872ರಲ್ಲಿ ಸರ್ಕಾರ ತೊಮಿಯೊಕಾದಲ್ಲಿ ಕಟ್ಟಿಸಿದ ಆ ದೊಡ್ಡ ಗಿರಣಿಯನ್ನು ಈಗ ಟಿಕೆಟ್ ತೆಗೆದುಕೊಂಡು ನೋಡಬೇಕು, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

"ನಮ್ಮನೇಲೂ ಹುಳ ಸಾಕ್ತಿದ್ರು" ಅಂದೆ ನಾನು. ಅಜ್ಜಿ ನಂಬಲಿಲ್ಲ. "ಇಂಡಿಯಾದಲ್ಲಿ? ಓಕೊಸಾಮಾ?" ಇಲ್ಲಿ ಹುಳುವಿಗೆ ಹುಳು ಅನ್ನುವುದಿಲ್ಲ ಗೆಳೆಯಾ, 'ಸಾಮಾ' ಹಚ್ಚಿ ಗೌರವದಿಂದ ಕರೆಯುತ್ತಾರೆ, ನಾವು ದೊಡ್ಡವರಿಗೆ 'ಅವರು' ಅನ್ನುವ ಹಾಗೆ. ಅಲ್ಲಿಂದ ಅಜ್ಜಿ ನನಗೆ ಕ್ವಿಜ್ ಶುರು ಮಾಡಿದರು. ಪೊರೆ ಬಿಡುವ ಮುಂಚೆ ಹುಳ ಎಷ್ಟು ಸಲ ನಿದ್ದೆ ಮಾಡುತ್ತೆ? ನಾಲ್ಕು ಸಲ, ಆದರೆ ನಮ್ಮ ಕಡೆ ಅದಕ್ಕೆ ನಿದ್ದೆ ಅನ್ನಲ್ಲ, ಜ್ವರ ಅಂತಾರೆ, ನಾಲ್ಕನೇ ಜ್ವರ ಎದ್ದ ಮೇಲೆ ಮನೆಯವರಿಗೆ ನಿದ್ದೆ ಇರಲ್ಲ ಅಂದೆ. ಅಜ್ಜಿ ಚಪ್ಪಾಳೆ ತಟ್ಟಿದರು. ಗೂಡು ಕಟ್ಟೋಕೆ ಯಾವುದರ ಮೇಲೆ ಬಿಡ್ತೀರಿ? ಬಿದಿರಿನ ಚಂದ್ರಿಕೆಯ ಚಿತ್ರ ಬರೆದೆ, ಸುರುಳಿ ಸುರುಳಿಯಾಗಿ. ಗೂಡು ಯಾವ ಬಣ್ಣ? ಹಿಂದೆಲ್ಲ ಹಳದಿ, ಆಮೇಲೆ ಬಿಳಿ ಗೂಡಿನ ಬೈವೋಲ್ಟೈನ್ ತಳಿ ಬಂತು ಅಂದೆ. ಆ ಬಿಳಿ ಗೂಡನ್ನು ನಮ್ಮ ರೈತರ ಮನೆಗೆ ತಂದದ್ದರಲ್ಲಿ ಜಪಾನಿನವರ ಕೈ ಇದೆ. 1991ರಿಂದ 2007ರವರೆಗೆ ಅವರ ತಜ್ಞರು ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ದುಡಿದರು. ಅದಕ್ಕೂ ಸುಮಾರು ನೂರು ವರ್ಷ ಮುಂಚೆ ಜಮ್‌ಷೆಡ್‌ಜಿ ಟಾಟಾ ಬೆಂಗಳೂರಿಗೆ ಜಪಾನಿನವರನ್ನು ಕರೆಸಿ ರೇಷ್ಮೆ ಫಾರ್ಮ್ ಮಾಡಿಸಿದ್ದರು. ಬಸವನಗುಡಿಯ ಹತ್ತಿರ ಟಾಟಾ ಸಿಲ್ಕ್ ಫಾರ್ಮ್ ಅಂತ ಬಸ್ ಸ್ಟಾಪ್ ನೋಡಿದ್ದೀಯಲ್ಲ, ಅದೇ.

ಆಮೇಲೆ ಅಜ್ಜಿ ಕೇಳಿದರು, ನಿಮ್ಮಲ್ಲಿ ಹುಳುವಿಗೆ ಶತ್ರು ಯಾರು? "ಊಜಿ ನೊಣ" ಅಂದೆ, ನಮ್ಮೂರಲ್ಲಿ ಹೇಳುವ ಹಾಗೇ. ಅಜ್ಜಿಯ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಂತಿತು. "ಉಜಿ? ನೀನು ಉಜಿ ಅಂದೆಯಾ?" ಜಪಾನಿಯಲ್ಲಿ ಉಜಿ ಅಂದರೆ ನೊಣದ ಮರಿಹುಳು. ರೇಷ್ಮೆಹುಳುವಿನ ಮೈಯೊಳಗೆ ಬೆಳೆದು, ತೂತು ಮಾಡಿಕೊಂಡು ಹೊರಬರುತ್ತದಲ್ಲ, ಅದು. 1980ರಲ್ಲಿ ಆ ನೊಣ ಬಂಗಾಳದ ಕಡೆಯಿಂದ ನಮ್ಮ ಸೀಮೆಗೆ ಬಂತು, ಹಾಳು ಮಾಡಿತು. ನಮ್ಮಮ್ಮ ಕಿಟಕಿಗೆಲ್ಲ ಸೊಳ್ಳೆಪರದೆ ಹೊಡೆಸಿ, ಬಾಗಿಲು ತೆಗೆದಿಟ್ಟರೆ ಬೈಯುತ್ತಿದ್ದದ್ದು ನಿನಗೆ ನೆನಪಿರಬೇಕು. "ಊಜಿ ಬರತ್ತೆ ಮುಚ್ರೋ!" ಅಂತ. ಶಿಡ್ಲಘಟ್ಟದ ಸೀಮೆಯಲ್ಲಿ ಅಷ್ಟು ವರ್ಷ ನಮ್ಮ ಬಾಯಲ್ಲಿ ಇದ್ದದ್ದು ಈ ಅಜ್ಜಿಯ ಮಾತು. ನನಗೆ ಮೈ ಜುಮ್ಮೆಂದಿತು. ಅಜ್ಜಿ ನನ್ನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡು ಸುಮ್ಮನೆ ಕೂತರು.

ಮಳೆಗಾಲದಲ್ಲಿ ಇನ್ನೊಂದು ಆಯಿತು. ಗುನ್ಮಾದಲ್ಲಿ ಬೇಸಿಗೆಯ ಗುಡುಗು ಜೋರು, ಕರುತಾದಲ್ಲೇ ಅದಕ್ಕೊಂದು ಕಾರ್ಡಿದೆ. ಗುಡುಗಿದಾಗ ಹಿರಿಯರೆಲ್ಲ "ಕುವಾಬಾರಾ, ಕುವಾಬಾರಾ" ಅಂದರು. ಸಿಡಿಲು ಹೊಡೆಯದಿರಲಿ ಅಂತ ಹೇಳುವ ಮಾತು. ಕುವಾಬಾರಾ ಅಂದರೆ ಮತ್ತದೇ, ಹಿಪ್ಪುನೇರಳೆ ಬಯಲು. "ನಿಮ್ಮಲ್ಲಿ ಏನಂತಾರೆ?" ಅಂದರು. "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ" ಅಂದೆ. ಹೇಳುತ್ತಾ ಇದ್ದಾಗ ನನಗೆ ಕೇಳಿಸಿದ್ದು ಯಾರ ದನಿ ಗೊತ್ತಾ? ನಿಮ್ಮಪ್ಪನದು. ನಿಮ್ಮ ಹುಳದ ಮನೆಯ ಜಗುಲಿ ಮೇಲೆ ಸೊಪ್ಪಿನ ಹೊರೆ ಇಳಿಸಿ, ಪಂಚೆ ಮೇಲೆತ್ತಿ ಕಟ್ಟಿ, ನಮ್ಮಿಬ್ಬರನ್ನೂ ಬಾಗಿಲ ಒಳಗೆ ತಳ್ಳಿ ಹೇಳುತ್ತಿದ್ದರು. ನಾವು ಮಳೆ ನಿಂತಿದೆ ಅಂದರೆ, "ಮಳೆ ನಿಂತು ಆಗ್ಲೇ ಎಷ್ಟೊತ್ತಾಯ್ತು, ಇದು ಹುಳ ಸೊಪ್ಪು ತಿನ್ನೋ ಸದ್ದು" ಅಂತ ನಗುತ್ತಿದ್ದರು.

ಅದಕ್ಕೇ ಬರೆಯುತ್ತಿದ್ದೇನೆ. "ನಾನು ಯಾರು?" ಅಂತ ಅವರನ್ನು ಕೇಳಬೇಡ. ಆ ಪ್ರಶ್ನೆಗೆ ಉತ್ತರ ನಿನಗೆ ಗೊತ್ತಿದೆ, ನಿನಗೆ ಗೊತ್ತಿದೆ ಅನ್ನುವುದು ಅವರಿಗೂ ಗೊತ್ತಿದೆ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನುವುದು ಎಂಥ ಮರೆವಿನಲ್ಲೂ ಮನುಷ್ಯನಿಗೆ ತಿಳಿಯುತ್ತದೆ, ನಾನು ಇಲ್ಲಿ ದಿನಾ ನೋಡುತ್ತಿದ್ದೇನೆ. ಊಟ ಆಯ್ತಾ ಅಂತ ಅವರು ಮಾತು ತಿರುಗಿಸಿದ್ದು ನಾಚಿಕೆಯಿಂದ. ನಿನಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳು. ಸೊಪ್ಪು ಯಾವ ಹೊತ್ತಿಗೆ ಕೊಯ್ಯಬೇಕು, ಹುಳ ಹಣ್ಣಾಯಿತು, ಗೂಡು ಕಟ್ಟಲು ತಯಾರಾಯಿತು ಅಂತ ಹೇಗೆ ಗೊತ್ತಾಗುತ್ತಿತ್ತು, ಮಾರ್ಕೆಟ್ಟಿನಲ್ಲಿ ಗೂಡನ್ನು ಕೈಗೆತ್ತಿಕೊಂಡು ಏನು ನೋಡುತ್ತಿದ್ದರು. ಹಳೆಯ ನೆನಪುಗಳನ್ನು ಮಾತಾಡಿಸುವುದು ವಯಸ್ಸಾದವರ ಮನಸ್ಸಿಗೆ ಕೆಲಸ ಅಂತ 1963ರಲ್ಲೇ ಅಮೆರಿಕದ ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯರು ಬರೆದಿದ್ದರು. ಜಪಾನಿನವರು ಅದನ್ನು ಆರೈಕೆಯ ಒಂದು ವಿಧಾನವಾಗಿಯೇ ಬೆಳೆಸಿಕೊಂಡಿದ್ದಾರೆ. ಇದರಿಂದ ಮರೆವು ವಾಸಿಯಾಗುತ್ತದೆ ಅಂತ ನಾನು ನಿನಗೆ ಹೇಳುವುದಿಲ್ಲ. ಅವರು ಅಪ್ಪನಾಗಿ ಕೂತಿರುತ್ತಾರೆ, ಅಷ್ಟು ಹೊತ್ತಾದರೂ.

ಕೇಳಿದ ಮೇಲೆ ಕಾಯಬೇಕು. ಇಲ್ಲಿ ನಾನು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ, ಆಮೇಲೂ ಬರದಿದ್ದರೆ ಸಾಲಿನ ಮೊದಲ ಮಾತು ಹೇಳಿಕೊಡುತ್ತೇನೆ. ನೀನು "ಅರ್ಜುನ..." ಅಂತ ಹೇಳಿ ನಿಲ್ಲಿಸಿ ನೋಡು. ಅವರ ಕೈಗೆ ಒಂದು ಗೂಡು ಕೊಡು, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದರೆ ನಾಲ್ಕು ಗೂಡು ಯಾರಾದರೂ ಕೊಟ್ಟಾರು. ಅವರು ಹೇಳಿದ್ದು ನಿನ್ನ ನೆನಪಿನ ಹಾಗೆ ಇಲ್ಲದಿದ್ದರೆ ತಿದ್ದಬೇಡ. ಚಿಕುಮಾ ತಾತನನ್ನು ನೆನೆಸಿಕೋ.

ಇನ್ನು ನನ್ನ ಕೆಲಸಕ್ಕೆ ನಿಮ್ಮಪ್ಪ ಬೇಕಾಗಿದ್ದಾರೆ. ನಮ್ಮ ಸಂಕ್ರಾಂತಿಯ ಹೊತ್ತಿಗೇ ಇಲ್ಲಿ 'ಮಾಯುದಾಮಾ' ಮಾಡುತ್ತಾರೆ. ಅಕ್ಕಿ ಹಿಟ್ಟಿನಲ್ಲಿ ಗೂಡಿನ ಆಕಾರದ ಉಂಡೆ ಮಾಡಿ, ಕೊಂಬೆಗೆ ಚುಚ್ಚಿ, ಈ ವರ್ಷ ಗೂಡು ಚೆನ್ನಾಗಿ ಬರಲಿ ಅಂತ ಬೇಡಿಕೊಳ್ಳುವುದು. ಮೊನ್ನೆ ಹದಿನಾಲ್ಕಕ್ಕೆ ನಾವೂ ಮಾಡಿದೆವು. ಉಂಡೆ ಉರುಳಿಸುತ್ತಾ ನಾನು ಕೇಳಿದೆ: ಹಿಂದಿನ ಕಾಲದಲ್ಲಿ ಹುಳದ ಕೋಣೆಯ ಗೋಡೆಗೆ ಯಾವ ಪ್ರಾಣಿಯ ಚಿತ್ರ ಅಂಟಿಸುತ್ತಿದ್ದರು? ಬೆಕ್ಕು ಅಂದರು ನಾಲ್ಕು ಜನ ಒಟ್ಟಿಗೆ. ಈ ಸೀಮೆಯ ಇವಾಮಾತ್ಸು ಎಂಬ ಪಾಳೆಯಗಾರ ಮನೆತನದವರು ಬೆಕ್ಕಿನ ಚಿತ್ರ ಬರೆದುಕೊಡುತ್ತಿದ್ದರು, ಅದಿದ್ದರೆ ಇಲಿ ಬರುವುದಿಲ್ಲ ಅಂತ ರೈತರ ನಂಬಿಕೆ. ಆಗ ಅಜ್ಜಿ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮೂರಲ್ಲಿ ಇಲಿಗೆ ಏನು ಮಾಡ್ತಿದ್ರು?"

ನನಗೆ ಗೊತ್ತಿರಲಿಲ್ಲ. ಇರುವೆ ಬರದ ಹಾಗೆ ಹುಳದ ತಟ್ಟೆ ಇಡುವ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುತ್ತಿದ್ದದ್ದು ಹೇಳಿದೆ. ಇಲಿಗೆ ಏನು ಮಾಡುತ್ತಿದ್ದರು ಅನ್ನುವುದು ಎಷ್ಟು ಯೋಚಿಸಿದರೂ ಬರಲಿಲ್ಲ. ನಮ್ಮಮ್ಮ ಇಲ್ಲ ಕೇಳೋಕೆ. "ನನ್ನ ಗೆಳೆಯನ ಅಪ್ಪನಿಗೆ ಗೊತ್ತಿರುತ್ತೆ, ಕೇಳಿ ಹೇಳ್ತೀನಿ" ಅಂದಿದ್ದೇನೆ. ಅಜ್ಜಿ ತಮ್ಮ ಪುಟ್ಟ ಪುಸ್ತಕದಲ್ಲಿ ಅದನ್ನು ಬರೆದಿಟ್ಟುಕೊಂಡರು.

ಅವರು ಮತ್ತೆ ಬರುವುದು ಗುರುವಾರ. ಬುಧವಾರದೊಳಗೆ ನಿಮ್ಮಪ್ಪನ ಪಕ್ಕ ಕೂತು ಕೇಳು, ಅವರು ಹೇಳಿದ್ದನ್ನು ಅವರ ದನಿಯಲ್ಲೇ ಕಳಿಸು.

ನಿನ್ನ ಗೆಳೆಯ